ಹಲಗೆಗೆ ಚುಚ್ಚಿದ ಚೀಟಿ

ಪ್ರತಿ ಶನಿವಾರ ಮಧ್ಯಾಹ್ನ ಮೂರಕ್ಕೆ ಚರ್ಚಿನ ಹಿಂದಿನ ಕೋಣೆಯಲ್ಲಿ ನಾವು ಆರು ಜನ ಸೇರುತ್ತಿದ್ದೆವು. ಎರಡು ತಿಂಗಳಲ್ಲಿ ಚರ್ಚಿನ ಪರವಾಗಿ ಸೇವೆಗೆ ಹೊರಡುವವರು. ಗುಡ್ಡದಾಚೆ, ಬಸ್ಸು ಹೋಗದ ಕಡೆ, ಒಂದು ವರ್ಷ. ಸಭೆ ನಮ್ಮ ತಲೆಯ ಮೇಲೆ ಕೈಯಿಟ್ಟು ಕಳಿಸುವ ಮೊದಲು ಆತ್ಮಿಕವಾಗಿ ಸಿದ್ಧರಾಗಬೇಕಿತ್ತು. ಸಿದ್ಧಪಡಿಸುತ್ತಿದ್ದವರು ನಿವೃತ್ತ ಶಿಕ್ಷಕಿ, ಎಲ್ಲರ ಬಾಯಲ್ಲೂ ದೊಡ್ಡ ಟೀಚರ್. ಯಾರು ಯೋಗ್ಯರು ಎಂದು ಕೊನೆಗೆ ಬರೆದುಕೊಡುವವರೂ ಅವರೇ. ನಾನು ಹೋಗಲೇಬೇಕಿತ್ತು. ಹದಿನಾರು ತುಂಬಿದಾಗಿನಿಂದ ನನಗೆ ಬೇರೆ ಆಸೆಯೇ ಇರಲಿಲ್ಲ.

ವಾರವಾರ ಒಬ್ಬೊಬ್ಬರೂ ಒಂದು ಪ್ರಾರ್ಥನೆ ವಿಷಯವನ್ನು ಚೀಟಿಯಲ್ಲಿ ಬರೆದು, ಗಟ್ಟಿಯಾಗಿ ಓದಿ, ಗೋಡೆಯ ಹಲಗೆಗೆ ಪಿನ್ನಿನಿಂದ ಚುಚ್ಚಬೇಕು. ಉಳಿದವರು ಅದಕ್ಕಾಗಿ ವಾರವಿಡೀ ಪ್ರಾರ್ಥಿಸಬೇಕು. ಮೊದಲ ವಾರ ನಾನು, ಬೆಳಿಗ್ಗೆ ಬೇಗ ಏಳಲಾಗುತ್ತಿಲ್ಲ ಎಂದು ಬರೆದೆ.

“ಇದು ಗಡಿಯಾರದ ಸಮಸ್ಯೆ ಮಗಳೇ, ಆತ್ಮದ್ದಲ್ಲ. ಆಳಕ್ಕೆ ಇಳಿ,” ಎಂದರು ದೊಡ್ಡ ಟೀಚರ್. ಎಲ್ಲರೂ ನಕ್ಕರು. ನಮ್ಮಲ್ಲೊಬ್ಬ, ವ್ಯಾನ್ ಓಡಿಸುವ ಡ್ರೈವರ್ ಅಂತೂ ಕುರ್ಚಿಯೇ ಅಲುಗುವಷ್ಟು ನಕ್ಕ.

ಮುಂದಿನ ವಾರ ಅದೇ ಡ್ರೈವರ್ ತನ್ನ ಅಪ್ಪನ ಕುಡಿತದ ಬಗ್ಗೆ ಓದಿದ. ಕೋಣೆಯೆಲ್ಲ “ಅಯ್ಯೋ, ಸ್ತೋತ್ರ, ಸ್ತೋತ್ರ” ಎಂದಿತು. ಟೀಚರ್ ಅವನ ತಲೆ ಸವರಿದರು. ಮೂರನೇ ವಾರ ಟೈಲರ್ ಹುಡುಗಿ ತನ್ನ ಅಣ್ಣ ಅತ್ತಿಗೆ ಬೇರೆ ಬೇರೆ ಮಲಗುವುದನ್ನು ಹೊರಗೆ ಹಾಕಿದಳು. ಅವಳ ತಲೆಯನ್ನೂ, ಉಳಿದವರದನ್ನೂ ಸವರಿದ್ದಾಯಿತು. ಯಾರ ಮನೆ ಎಷ್ಟು ಸೋರುತ್ತದೋ ಅವರ ಆತ್ಮ ಅಷ್ಟು ಆಳ. ನನ್ನ ತಲೆಯೊಂದೇ ಉಳಿದಿತ್ತು.

ನಮ್ಮ ಮನೆಯಲ್ಲಿ ಮೂರೇ ಜನ: ಅಮ್ಮ, ಅಕ್ಕ, ನಾನು. ಅಕ್ಕ ಚರ್ಚಿನ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಆರು ತಿಂಗಳಿಂದ ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ದಿನಾ ಬೆಳಿಗ್ಗೆ ನಾನು ಲೋಟದಲ್ಲಿ ನೀರು ತಂದುಕೊಟ್ಟರೆ, ಮಂಚದ ತುದಿಯಲ್ಲಿ ಕೂತು ಗುಳಿಗೆ ನುಂಗುತ್ತಿದ್ದಳು.

“ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೆ,” ಎಂದಿದ್ದಳು. “ಶಾಲೇಲಿ ಗೊತ್ತಾದ್ರೆ ಮಕ್ಕಳನ್ನ ನನ್ನ ಹತ್ರ ಬಿಡಲ್ಲ.”

“ನನ್ನಾಣೆ ಹೇಳಲ್ಲ,” ಎಂದಿದ್ದೆ.

ನಾಲ್ಕನೇ ಶನಿವಾರ ಬರೆದೆ: ನನ್ನ ಮನೆಯ ಒಬ್ಬರು ಮನಸ್ಸಿನ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ, ಬಿಡುಗಡೆ ಸಿಗಲಿ. ಹೆಸರು ಹಾಕಲಿಲ್ಲವಲ್ಲ, ಎಂಥಾ ಜಾಣೆ ನಾನು! ಮೂರು ಜನರಲ್ಲಿ ಒಬ್ಬಳು ಚೀಟಿ ಓದುತ್ತಿರುವ ನಾನು. ಇನ್ನೊಬ್ಬರು ಅಮ್ಮ, ಅವರ ಗುಳಿಗೆ ಬಿಪಿಗೆ ಎಂದು ಸಭೆಗೆಲ್ಲ ಗೊತ್ತು. ಉಳಿದವಳು ಯಾರೆಂದು ಲೆಕ್ಕ ಹಾಕಲು ಬೆರಳೂ ಬೇಡ.

ದೊಡ್ಡ ಟೀಚರ್ ಕಣ್ಣಲ್ಲಿ ನೀರು. “ಈಗ ಬಂತು ನೋಡಿ ಭಾರ!” ಎಂದು ತಾವೇ ಎದ್ದು, ನನ್ನ ಚೀಟಿಯನ್ನು ಹಲಗೆಯ ನಡುಮಧ್ಯೆ ಕೆಂಪು ಪಿನ್ನಿನಿಂದ ಚುಚ್ಚಿದರು. ನನ್ನ ತಲೆಯನ್ನೂ ಸವರಿದರು. ನಾನು ಹಿಗ್ಗಿದೆ. ನೆನೆದರೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ, ಆದರೆ ಹಿಗ್ಗಿದ್ದು ನಿಜ.

ಅದಾಗಿ ಒಂಬತ್ತನೇ ದಿನ ಅಕ್ಕ ಮಧ್ಯಾಹ್ನವೇ ಮನೆಗೆ ಬಂದಳು. ಬಣ್ಣದ ಕಾಗದ, ಗೋಂದು, ಮೊಂಡು ಕತ್ತರಿ ಎಲ್ಲ ಚೀಲದಲ್ಲಿತ್ತು.

“ಸ್ವಲ್ಪ ದಿನ ವಿಶ್ರಾಂತಿ ತಗೋಬೇಕಂತೆ,” ಎಂದಳು. “ಹೆಡ್ ಮೇಡಂ ನನ್ನ ಕೈ ಹಿಡ್ಕೊಂಡು, ‘ನಿಮಗೋಸ್ಕರ ಉಪವಾಸ ಇದ್ದೀವಿ’ ಅಂದ್ರು. ನಾನು ಯಾವಾಗ ಸತ್ತೆ ಅಂತ ಕೇಳೋಣ ಅನ್ನಿಸ್ತು. ಯಾರಿಗೆ ಹೇಳ್ದೆ?”

“ಪ್ರಾರ್ಥನೆಗೆ ಅಷ್ಟೇ ಅಕ್ಕ... ನಿನಗೆ ಒಳ್ಳೇದಾಗ್ಲಿ ಅಂತ...”

“ದೇವರಿಗೆ ಹೇಳೋಕೆ ಆರು ಜನ ಯಾಕೆ ಬೇಕಿತ್ತೇ? ಅವನಿಗೇನು ಕಿವುಡಾ?”

ಅಡುಗೆಮನೆಯಿಂದ ಅಮ್ಮ ಪಾತ್ರೆಗಳಿಗೆ ಹೇಳುವಂತೆ ಹೇಳಿದರು: “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನನ್ನ ಮಗಳ ವಿಷಯ ನಂಗೆ ಇಸ್ತ್ರಿಯವನು ಹೇಳ್ಬೇಕು.”

ಮರುದಿನ ಬೆಳಿಗ್ಗೆ ನೀರು ತೆಗೆದುಕೊಂಡು ಹೋದೆ. ಅಕ್ಕನ ಕೋಣೆಗೆ ಒಳಗಿನಿಂದ ಚಿಲಕ.

ಶನಿವಾರ ಎಲ್ಲರಿಗಿಂತ ಮೊದಲೇ ಹೋದೆ. ಕೋಣೆ ತುಂಬ ಬಿಸ್ಕತ್ತಿನ ಡಬ್ಬದ ಸಿಹಿ ವಾಸನೆ. ದೊಡ್ಡ ಟೀಚರ್ ಒದ್ದೆ ಅಂಗೈಯನ್ನು ನನ್ನ ತಲೆಯ ಮೇಲಿಟ್ಟರು. ಅದಕ್ಕೂ ಅದೇ ವಾಸನೆ.

“ಶಾಲೆಗೆ ಯಾರು ಹೇಳಿದ್ದು ಟೀಚರ್?”

“ಯಾರೂ ಹೇಳಿಲ್ಲ ಮಗಳೇ. ಪ್ರಾರ್ಥನೆ ಮಾಡಿ ಅಂತ ಕೇಳ್ಕೊಂಡೆ ಅಷ್ಟೆ. ಹೆಡ್ ಮೇಡಂಗೆ, ಸಭಾಪಾಲಕರ ಹೆಂಡ್ತಿಗೆ, ಆಮೇಲೆ ಹೆಂಗಸರ ಕೂಟಕ್ಕೆ.” ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. ಊರಿಗೆ ಡಂಗುರ ಹೊಡೆದು, ಕೋಲು ಮಾತ್ರ ದೇವರ ಕೈಯಲ್ಲಿಟ್ಟಿದ್ದರು.

ಎಲ್ಲರೂ ಬಂದ ಮೇಲೆ ನನ್ನ ಚೀಟಿ ಓದಿದೆ: “ನಾನು ದೊಡ್ಡವಳು ಅನ್ನಿಸಿಕೊಳ್ಳೋಕೆ ಅಕ್ಕನ ಗುಟ್ಟನ್ನ ಇಲ್ಲಿ ತಂದು ಸುರಿದೆ. ಅವಳ ಕೆಲಸ ಹೋಗ್ತಿದೆ. ನನಗೆ ನನ್ನ ಮೇಲೆ, ಈ ಹಲಗೆ ಮೇಲೆ, ನಿಮ್ಮೆಲ್ಲರ ಸ್ತೋತ್ರದ ಮೇಲೆ ಹೇಸಿಗೆ ಆಗ್ತಿದೆ.”

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಸ್ತೋತ್ರ,” ಎಂದ ಡ್ರೈವರ್, ಕಣ್ಣು ಮುಚ್ಚಿ. ಟೈಲರ್ ಹುಡುಗಿ ಮೂಗು ಒರೆಸಿಕೊಂಡಳು.

“ಎಂಥಾ ಆಳ!” ಎಂದರು ದೊಡ್ಡ ಟೀಚರ್. “ಇವಳು ನೋಡಿ, ಸಿದ್ಧಳಾದವಳು ಅಂದ್ರೆ. ಭಾನುವಾರ ಸಭೆ ಮುಂದೆ ಇದನ್ನೇ ಓದು ಮಗಳೇ. ಅಕ್ಕನನ್ನೂ ಕರ್ಕೊಂಡು ಬಾ.” ಅವರ ಕೈ ಆಗಲೇ ಪಿನ್ನಿಗಾಗಿ ತಡಕುತ್ತಿತ್ತು.

ಹಲಗೆಯ ಮೇಲಿದ್ದ ಅಕ್ಕನ ಚೀಟಿಯನ್ನು ಕಿತ್ತುಕೊಂಡೆ. ಕೆಂಪು ಪಿನ್ನು ಬಿಸ್ಕತ್ತಿನ ತಟ್ಟೆಗೆ ಬಿತ್ತು.

“ನಾನು ಹೋಗಲ್ಲ,” ಎಂದೆ.

“ಎಲ್ಲಿಗೆ, ಮನೆಗಾ?”

“ಗುಡ್ಡಕ್ಕೆ.”

ಸೋಮವಾರ ಅಕ್ಕ ಡಾಕ್ಟರ ಪತ್ರ ಹಿಡಿದು ಶಾಲೆಗೆ ಹೊರಟಳು. ತಪ್ಪು ನನ್ನದು ಎಂದು ಹೆಡ್ ಮೇಡಂಗೆ ಹೇಳಲು ನಾನೂ ಚಪ್ಪಲಿ ಮೆಟ್ಟಿದೆ.

“ನೀನು ಬರ್ಬೇಡ ತಾಯಿ. ಅಲ್ಲೂ ಕಣ್ಣು ಮುಚ್ಚಿ ಶುರು ಮಾಡ್ಬಿಡ್ತೀಯ.”

ಸಂಜೆ ಬಂದವಳು ಅಮ್ಮನಿಗೆ ಹೇಳಿದಳು, ನನಗಲ್ಲ: ಕೆಲಸ ಉಳಿದಿದೆ. ಆದರೆ ಪುಟ್ಟ ಮಕ್ಕಳ ಕೋಣೆಯಲ್ಲಲ್ಲ, ಲೈಬ್ರರಿಯಲ್ಲಿ. ಗೋಂದು, ಬಣ್ಣದ ಕಾಗದ ಇದ್ದ ಚೀಲವನ್ನು ಅಟ್ಟಕ್ಕೆ ಎಸೆದಳು.

ಅದಾದ ಮೇಲೂ ದಿನಾ ಬೆಳಿಗ್ಗೆ ಆ ಬಾಗಿಲ ಮುಂದೆ ಹೋಗಿ ನಿಲ್ಲುತ್ತಿದ್ದೆ. ಬರಿಗೈಯಲ್ಲಿ. ಐದನೇ ದಿನವೋ ಆರನೇ ದಿನವೋ ಒಳಗಿನಿಂದ ಧ್ವನಿ ಬಂತು.

“ಅಲ್ಲೇ ನಿಂತಿದೀಯಾ?”

“ಹೂಂ.”

“ಪ್ರಾರ್ಥನೆ ಮಾಡ್ತಿದೀಯಾ?”

“ಇಲ್ಲ.”

ಚಿಲಕ ಸರಿಯಿತು. ಬಾಗಿಲು ಒಂದು ಗೇಣು ತೆರೆದು, ಖಾಲಿ ಲೋಟ ಹಿಡಿದ ಕೈ ಹೊರಗೆ ಬಂತು.

“ಹಾಗಾದ್ರೆ ನೀರು ತಂದ್ಕೊಡು.”