ಪೈನ್ ಮರದ ಬುಡದ ಕಪ್ಪು ಕಲೆ

ಹನ್ನೊಂದು ಚಳಿಗಾಲ ಹಿಮದ ಕಾಡಿನಲ್ಲಿ ಚಾರಣಿಗರಿಗೆ ದಾರಿ ತೋರಿಸಿದವಳು ಅಕ್ಕ. ತಂಗಿ ಆ ಕೆಲಸಕ್ಕೆ ಸೇರಿ ಮೂರೇ ವರ್ಷ. ಆದರೂ ಹಿಮದಲ್ಲಿ ಬೆಂಕಿ ಹಾಕಿ, ಹಾಕಿದ ಗುರುತೇ ಉಳಿಯದಂತೆ ಎದ್ದು ಬರುವುದನ್ನು ಹೊಸಬರಿಗೆ ಕಲಿಸಲು ಅರಣ್ಯ ಕಚೇರಿಯ ಅಧಿಕಾರಿ ಆರಿಸಿದ್ದು ತಂಗಿಯನ್ನು.

ಸುದ್ದಿ ಬಂದ ದಿನ ಅಕ್ಕ ನಗುನಗುತ್ತಲೇ ಬೆನ್ನು ತಟ್ಟಿದಳು. ಮನೆಗೆ ಬಂದು ಬೂಟುಗಳನ್ನು ಮೂಲೆಗೆ ಎಸೆದಳು. ಚಿಕ್ಕವಳು ಮುಟ್ಟಿದ್ದೆಲ್ಲ ಚಿನ್ನ ಎಂದು ಅಮ್ಮ ಅಂದದ್ದು ಗಾಯಕ್ಕೆ ಉಪ್ಪು ಸವರಿದಂತಾಯಿತು. ಅಂದಿನಿಂದ ತಂಗಿ ಊಟಕ್ಕೆ ಕರೆದರೂ ಅವಳಿಗೆ ಅದು ಉಪದೇಶದಂತೆ ಕೇಳಿಸುತ್ತಿತ್ತು.

ತಂಗಿಯ ಮೊದಲ ತಂಡ ಬೆಟ್ಟ ಇಳಿದ ಮರುದಿನ ಅಕ್ಕ ಒಬ್ಬಳೇ ಹತ್ತಿ ಹೋದಳು. ಅರೆ ಸುಟ್ಟ ಕೊಳ್ಳಿ, ಮುರಿದ ಹಸಿ ಕೊಂಬೆ, ಬೂದಿಯ ಗುಪ್ಪೆ, ಏನಾದರೊಂದು ಹುಳುಕು ಸಿಕ್ಕರೆ ಸಾಕಿತ್ತು. ಅವರು ಡೇರೆ ಹಾಕಿದ್ದ ಬಯಲಿನಲ್ಲಿ ಕೋಲಿನಿಂದ ಹಿಮ ಕೆದಕಿ ಕೆದಕಿ ಮಧ್ಯಾಹ್ನವಾಯಿತು. ತಂಗಿ ಉದುರಿ ಬಿದ್ದ ಒಣ ಕಡ್ಡಿಗಳನ್ನಷ್ಟೇ ಕಬ್ಬಿಣದ ತಟ್ಟೆಯಲ್ಲಿ ಉರಿಸಿ, ಪೂರ್ತಿ ಬೂದಿಯಾದ ಮೇಲೆ ತಣಿಸಿ, ದೂರದೂರಕ್ಕೆ ಚೆಲ್ಲಿದ್ದಳು. ಬೆಂಕಿ ಎಲ್ಲಿ ಉರಿದಿತ್ತೆಂಬುದೇ ತಿಳಿಯಲಿಲ್ಲ.

ಬರಿಗೈಯಲ್ಲಿ ಇಳಿಯಲು ಅಕ್ಕನಿಗೆ ಮನಸ್ಸಾಗಲಿಲ್ಲ. ಬಯಲಿನ ಅಂಚಿನ ಪೈನ್ ಮರದಿಂದ ಹಸಿ ಕೊಂಬೆ ಮುರಿದಳು. ಚಹಾಕ್ಕೆಂದು ತಂದಿದ್ದ ಸ್ಟೌವಿನ ಸೀಮೆಎಣ್ಣೆ ಸುರಿದು ಅದೇ ಮರದ ಬುಡದಲ್ಲಿ ಬೆಂಕಿ ಹಚ್ಚಿದಳು. ತೊಗಟೆ ಕಪ್ಪಾಯಿತು. ಫೋಟೋ ತೆಗೆದು ಫೋನನ್ನು ಜೇಬಿಗಿಡುವಷ್ಟರಲ್ಲಿ, ಕಾವಿಗೆ ಸಡಿಲಗೊಂಡ ಕೊಂಬೆಯ ಹಿಮ ಧೊಪ್ಪನೆ ಕುಸಿಯಿತು. ಬೆಂಕಿ ಆರಿತು, ಅವಳು ಸೊಂಟದವರೆಗೆ ಹೂತುಹೋದಳು. ಕೈಗವಸು ನೆನೆದು ಬೆರಳು ಮರಗಟ್ಟಿದವು. ಹೇಗೋ ಮನೆ ಸೇರಿದಾಗ, ಏನಾಯಿತೆಂದೂ ಕೇಳದೆ ಉಗುರುಬೆಚ್ಚಗಿನ ನೀರಿನಲ್ಲಿ ಆ ಬೆರಳುಗಳನ್ನು ಅದ್ದಿಸಿಕೊಂಡು ಕೂತವಳು ತಂಗಿಯೇ. ಆ ಉಪಚಾರವನ್ನೂ ಅಕ್ಕನಿಗೆ ಸಹಿಸಲಾಗಲಿಲ್ಲ.

ಮರುದಿನ ಅವಳು ಫೋಟೋವನ್ನು ಅಧಿಕಾರಿಗೆ ತೋರಿಸಿ, ತಂಗಿಯ ತಂಡದ ಕೆಲಸವಿದು ಎಂದಳು. ಅವರು ತಂಗಿಯನ್ನು ಕರೆಸಿದರು. ತಂಗಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದಳು.

"ಇದು ನಾನು ಹಾಕಿದ ಬೆಂಕಿ ಅಲ್ಲ ಸಾರ್. ಮರದ ಕೆಳಗೆ ಹಚ್ಚಬಾರದು, ಹಿಮ ಮೈಮೇಲೆ ಬೀಳುತ್ತೆ ಅಂತ ಅಕ್ಕ ನಂಗೆ ಮೊದಲನೇ ದಿನಾನೇ ಹೇಳಿಕೊಟ್ಟಿದ್ಲು. ಬೇಕಾದ್ರೆ ಅವಳನ್ನೇ ಕೇಳಿ."

ಅಧಿಕಾರಿ ಅಕ್ಕನತ್ತ ತಿರುಗಿದರು. ದಾರಿಯುದ್ದಕ್ಕೂ ಹೆಣೆದು ತಂದಿದ್ದ ಸುಳ್ಳನ್ನು ಮುಂದುವರಿಸಲು ಅವಳಿಂದಾಗಲಿಲ್ಲ.

"ನಾನೇ ಹಚ್ಚಿದ್ದು," ಎಂದಳು. "ಇವಳಿಗೆ ಒಳ್ಳೇದಾಗೋದನ್ನ ನೋಡಕ್ಕೆ ಆಗ್ಲಿಲ್ಲ. ಅದಕ್ಕೇ."

ಆ ಚಳಿಗಾಲದ ಮಟ್ಟಿಗೆ, ದಾರಿ ತೋರಿಸುವ ಅಕ್ಕನ ಪರವಾನಗಿ ಹೋಯಿತು. ಸುಟ್ಟ ಜಾಗವನ್ನು ಶುಚಿ ಮಾಡಬೇಕೆಂದೂ ಆಜ್ಞೆಯಾಯಿತು. ಅದರ ಉಸ್ತುವಾರಿಗೆ ಬಂದವಳು ತಂಗಿ. ಎರಡು ವಾರದಿಂದ ಅವಳು ಅಕ್ಕನೊಡನೆ ಮಾತು ಬಿಟ್ಟಿದ್ದಳು. ಅಕ್ಕ ಇದ್ದಿಲನ್ನು ಕೆರೆದು ಚೀಲಕ್ಕೆ ತುಂಬಿದಳು, ತೊಗಟೆ ಉಜ್ಜಿದಳು.

"ಅದು ಹೋಗಲ್ಲ, ಬಿಡು," ಎಂದಳು ತಂಗಿ. ಆಮೇಲೆ ಚೀಲದ ಇನ್ನೊಂದು ತುದಿ ಹಿಡಿದುಕೊಂಡಳು.

ಪರವಾನಗಿ ಮರಳಿ ಸಿಗಬೇಕಾದರೆ ತಂಗಿಯ ತರಬೇತಿ ಮುಗಿಸಬೇಕಿತ್ತು. ಮುಂದಿನ ಚಳಿಗಾಲ ಅಕ್ಕ ಹೊಸಬರ ನಡುವೆ ಹೋಗಿ ನಿಂತಳು. ಮೊದಲ ದಿನವೆಲ್ಲ ತಂಗಿಯ ತಪ್ಪುಗಳನ್ನೇ ಎಣಿಸಿದಳು. ಇವಳು ಚೆನ್ನಾಗಿಯೇ ಕಲಿಸುತ್ತಾಳೆ ಎಂದು ಮನಸ್ಸಿನಲ್ಲಿ ಒಪ್ಪಿಕೊಳ್ಳಲು ಮೂರು ದಿನ ಹಿಡಿಯಿತು. ಅದನ್ನು ತಂಗಿಯ ಎದುರು ಹೇಳಲು ಅವಳಿಗೆ ಇನ್ನೂ ಬಾಯಿ ಬಂದಿಲ್ಲ.