ಟ್ರಯಲ್ ರೂಮಿನಲ್ಲಿ ಪಾಪನಿವೇದನೆ

ನನ್ನ ಬಾಯಿ ಜೋರು. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಮನೆಯ ಮುಂದಿನ ಕೋಣೆಯಲ್ಲೇ ನನ್ನ ಟೈಲರಿಂಗ್ ಅಂಗಡಿ. ಮೆಷಿನ್ನಿನ ಸದ್ದು ಮೀರಿಸಿ ಮಾತಾಡಿ ಮಾತಾಡಿ ಗಂಟಲು ಹಾಗಾಗಿದೆ ಎನ್ನುವುದು ನನ್ನ ವಾದ. ಮೆಷಿನ್ ನಿಲ್ಲಿಸಿದಾಗಲೂ ಹಾಗೇ ಇರುತ್ತದಲ್ಲ ಎನ್ನುವುದು ನನ್ನ ಗಂಡನ ವಾದ. ಅವರು ಪ್ಲಂಬರ್. ಊರಿನವರ ನಲ್ಲಿಗಳನ್ನೆಲ್ಲ ಸರಿಮಾಡುತ್ತಾರೆ, ನಮ್ಮ ಮನೆಯದು ಮಾತ್ರ ತೊಟ್ಟಿಕ್ಕುತ್ತಲೇ ಇರುತ್ತದೆ.

ನಮಗೆ ಒಬ್ಬಳೇ ಮಗಳು. ಅಂಗಿಯ ಗುಂಡಿಯ ಹಾಗೆ ದುಂಡು ಮುಖ, ಕೈಗೆ ಸಿಗದೆ ಉರುಳಿ ಮೂಲೆ ಸೇರುವ ಸ್ವಭಾವವೂ ಅದರದ್ದೇ. ಹಾಗಾಗಿ ಎಲ್ಲರಿಗೂ ಅವಳು ಗುಂಡಿ. ಆ ಭಾನುವಾರ ಅವಳ ಮೊದಲ ಪರಮಪ್ರಸಾದ, ಅಂದರೆ ಚರ್ಚಿನ ಪೂಜೆಯಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ಸ್ವೀಕರಿಸುವ ದಿನ. ಅದಕ್ಕೆ ಮುಂಚೆ ಶನಿವಾರ ಮೊದಲ ಪಾಪನಿವೇದನೆ, ಅಂದರೆ ಮಾಡಿದ ತಪ್ಪನ್ನು ಚರ್ಚಿನ ಗುರುಗಳ ಕಿವಿಗೆ ಹೇಳಿ ದೇವರ ಕ್ಷಮೆ ಪಡೆಯುವುದು. ಪ್ರಾರ್ಥನೆಗಳನ್ನೆಲ್ಲ ನಾನೇ ಕಲಿಸಿದ್ದೆ, ಕಾಜಾ ಹೊಲಿಯುತ್ತ. ಒಂದು ಸಾಲು ತಪ್ಪಿದರೂ ಕತ್ತರಿಯಿಂದ ಮೇಜು ಕುಟ್ಟುತ್ತಿದ್ದೆ. ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು. ಪಾಪನಿವೇದನೆಯ ಅಭ್ಯಾಸವೊಂದು ಬಾಕಿ ಇತ್ತು.

ಅದಕ್ಕೆ ಜಾಗ ಹುಡುಕಿದವರು ಗಂಡ. ಅಂಗಡಿಯ ಮೂಲೆಯ ಟ್ರಯಲ್ ರೂಮು. ಪರದೆಯ ಒಳಗೆ ಸ್ಟೂಲಿನ ಮೇಲೆ ಅವರು ಗುರುಗಳಾಗಿ ಕೂತರು, ಹೊರಗೆ ಗುಂಡಿ ಮೊಣಕಾಲೂರಿದಳು. ಇತ್ತ ನಾನು ಹೊಲಿಯಲು ಕೊಟ್ಟಿದ್ದನ್ನು ಕೇಳಲು ಬಂದಿದ್ದ ಬ್ಯಾಂಕಿನ ಮೇಡಮ್ಮಿಗೆ, "ನಿಮ್ ಸ್ಕರ್ಟ್ ಆಗೋಗಿದೆ ಮೇಡಂ, ಹುಕ್ ಹಾಕೋದೊಂದೇ ಬಾಕಿ," ಎನ್ನುತ್ತಿದ್ದೆ.

"ಫಾದರ್," ಎಂದು ಪರದೆಯ ಬಳಿಯಿಂದ ಗುಂಡಿಯ ದನಿ ಸ್ಪಷ್ಟವಾಗಿ ಕೇಳಿಸಿತು, "ಅಮ್ಮ ಇನ್ನೂ ಬಟ್ಟೇನೇ ಕತ್ತರಿಸಿಲ್ಲ, ಆದ್ರೂ ಹುಕ್ ಒಂದೇ ಬಾಕಿ ಅಂತಾಳೆ. ಅಪ್ಪ ಮಂಚದ ಮೇಲೆ ಮಲಕ್ಕೊಂಡೇ ಫೋನಲ್ಲಿ, ದಾರೀಲಿದೀನಿ ಅಂತಾರೆ."

ಮೇಡಂ ನನ್ನ ಮುಖ ನೋಡಿದರು. ನಾನು ಕೈಯಲ್ಲಿದ್ದ ಟೇಪು ನೋಡಿದೆ. ಪರದೆಯೊಳಗಿನ ಗುರುಗಳು ನಗು ತಡೆಯಲಾರದೆ ಕೆಮ್ಮತೊಡಗಿದರು.

ಮೇಡಂ ಆ ಕಡೆ ಹೋದದ್ದೇ ತಡ, ನಾನು ಶುರುಮಾಡಿದೆ. "ನಿನ್ನ ಪಾಪ ಹೇಳು ಅಂದ್ರೆ ಮನೆಯವರ ಮಾನಾನೇ ಹರಾಜು ಹಾಕ್ತೀಯಲ್ಲೇ. ನಿಂದು ಅಂತ ಒಂದೂ ಇಲ್ವಾ?"

ಗುಂಡಿಯ ಮುಖ ಬಾಡಿತು. "ನಾನು ಶನಿವಾರ ಹೋಗಲ್ಲ," ಎಂದಳು. ಯಾಕೆ ಎಂದರೆ ಒಳಗೆ ಓಡಿ ಮೂಲೆ ಸೇರಿದಳು.

ಪಾಪನಿವೇದನೆ ಇಲ್ಲದೆ ಪರಮಪ್ರಸಾದವಿಲ್ಲ. ಇಷ್ಟು ದಿನ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದೆಲ್ಲ ನೀರಲ್ಲಿ ಹೋಮವಾಯಿತೇ ಎಂದು ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಮೊದಲು ಬರುವುದು ಕೂಗು. ಕೂಗಿದೆ. ಆ ವಾರ ನನ್ನ ತಲೆ ಬೇರೆ ಕೆಟ್ಟಿತ್ತು. ಅವಳ ಬಿಳಿ ಗೌನಿನ ಕೊರಳಿಗೆ ತಂದ ಲೇಸು ಒಂದು ಗೇಣು ಕಡಿಮೆ ಬಿದ್ದಿತ್ತು. ಅಳತೆಯಲ್ಲಿ ಮೋಸ ಮಾಡಿದ ಎಂದು ಲೇಸಿನ ಅಂಗಡಿಯವನ ಜನ್ಮ ಜಾಲಾಡಿ ಬಂದಿದ್ದೆ.

ಮರುದಿನ ಗಂಡ ಮತ್ತೆ ಪರದೆಯೊಳಗೆ ಕೂತರು. ಗುಂಡಿ ನೀರು ಕುಡಿದು ಬರುತ್ತೇನೆಂದು ಒಳಗೆ ಹೋದಳು. ಅಷ್ಟರಲ್ಲಿ ಫೋನು ಬಂತು, ಎಲ್ಲೋ ಪೈಪು ಒಡೆದಿತ್ತು, ಇವರು ಚೀಲ ಹಿಡಿದು ಓಡಿದರು. ಅಭ್ಯಾಸ ತಪ್ಪಬಾರದೆಂದು ನಾನೇ ಹೋಗಿ ಸ್ಟೂಲಿನ ಮೇಲೆ ಕೂತೆ.

"ಫಾದರ್." ಈ ಸಲ ದನಿ ಸಣ್ಣದಾಗಿತ್ತು. "ಅಮ್ಮನ ಲೇಸ್ ಕತ್ತರಿಸಿದ್ದು ನಾನೇ. ನನ್ನ ಗೊಂಬೆಗೂ ಪರಮಪ್ರಸಾದ ಅಲ್ವಾ, ಅದಕ್ಕೂ ಮುಸುಕು ಬೇಕಿತ್ತು. ಅಮ್ಮ ಸುಮ್‌ಸುಮ್ನೆ ಲೇಸ್ ಅಂಗಡಿ ಅಂಕಲ್‌ಗೆ ಬೈದ್ಲು. ಇದನ್ನ ಹೇಳಿದ್ರೆ ದೇವರೂ ಅಮ್ಮನ ಥರಾನೇ ಕೂಗಿದ್ರೆ?"

ಗಂಟಲವರೆಗೆ ಬಂದಿದ್ದ ಕೂಗು ಆ ಕೊನೆಯ ಮಾತಿಗೆ ಅಲ್ಲೇ ನಿಂತಿತು. ನಾನು ಪ್ರಾರ್ಥನೆ ಕಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ಮಗು ನನ್ನ ಕೂಗನ್ನು ಕಲಿತು ಅದನ್ನೇ ದೇವರಿಗೂ ಅಂಟಿಸಿತ್ತು. ನಾಚಿಕೆಯಾಯಿತು, ಅಳುವೂ ಬಂತು.

ಜೊತೆಗೆ ಇನ್ನೊಂದು ಫಜೀತಿ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಪ್ರಾಣ ಹೋದರೂ ಹೊರಗೆ ಹೇಳುವಂತಿಲ್ಲ ಎಂದು ಅವಳಿಗೆ ಕಲಿಸಿದವಳೂ ನಾನೇ. ಆಟವೋ ನಿಜವೋ, ಗುರುಗಳ ಸ್ಟೂಲಿನ ಮೇಲಂತೂ ಕೂತಾಗಿತ್ತು.

"ಕೂಗಲ್ಲ ಮಗು," ಎಂದು ಪಿಸುಗುಟ್ಟಿದೆ. "ದೇವರು ಕೂಗೋದೇ ಇಲ್ಲ."

"ಅಪ್ಪಾ, ನಿಮ್ ದನಿ ಯಾಕೆ ಹೀಗಿದೆ?"

"ಶೀತ," ಎಂದೆ.

ಶನಿವಾರದವರೆಗೆ ಬಾಯಿಗೆ ಬೀಗ ಹಾಕಿಕೊಂಡು ಬದುಕಿದ ಪಾಡು ನನಗೇ ಗೊತ್ತು. ಮಂಚದ ಕೆಳಗೆ ಗುಡಿಸುವಾಗ ಗೊಂಬೆ ಸಿಕ್ಕಿತು, ತಲೆಯ ಮೇಲೆ ನನ್ನ ಲೇಸು. ಹಾಗೇ ಇದ್ದಲ್ಲಿಗೆ ತಳ್ಳಿದೆ. ಲೇಸಿನ ಅಂಗಡಿಗೆ ಹೋಗಿ, "ತಪ್ಪು ನಮ್ಮದೇ ಅಣ್ಣ, ನಿಮ್ ಅಳತೆ ಸರಿ ಇತ್ತು," ಎಂದೆ.

"ಈಗ ಹೇಗೆ ಗೊತ್ತಾಯ್ತಮ್ಮ?"

"ಅದನ್ನ ಹೇಳೋ ಹಾಗಿಲ್ಲ."

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೊಸ ಲೇಸನ್ನು ಒಂದು ಗೇಣು ಹೆಚ್ಚಿಗೆಯೇ ಅಳೆದು ಕೊಟ್ಟ. ಮನೆಯಲ್ಲಿ ಗಂಡ, "ಏನೇ, ಮೈ ಹುಷಾರಿಲ್ವಾ? ಮನೇಲಿ ಸದ್ದೇ ಇಲ್ಲ," ಎಂದು ನನ್ನ ಹಣೆ ಮುಟ್ಟಿ ನೋಡಿದರು.

ಶನಿವಾರ ಯಾರೂ ಕರೆಯದೆ ಗುಂಡಿ ತಲೆ ಬಾಚಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಏನೂ ಕೇಳದೆ ಕೈ ಹಿಡಿದುಕೊಂಡು ಹೊರಟೆ. ಚರ್ಚಿನಲ್ಲಿ ತನ್ನ ಸರದಿ ಬಂದಾಗ ಹಿಂದೆ ತಿರುಗಿಯೂ ನೋಡದೆ ಗುರುಗಳ ಬಳಿ ಹೋದಳು. ಬರುವಾಗ ಮುಖ ಅರಳಿತ್ತು. ಬೆಂಚಿನಲ್ಲಿ ಪ್ರಾರ್ಥನೆ ಮುಗಿಸಿ ನನ್ನ ಪಕ್ಕಕ್ಕೆ ಸರಿದಳು.

"ಅಮ್ಮಾ, ಲೇಸ್ ಕತ್ತರಿಸಿದ್ದು ನಾನೇ."

"ಹೌದಾ," ಎಂದೆ, ಆದಷ್ಟು ಆಶ್ಚರ್ಯ ತೋರಿಸಿ.

ಗುಂಡಿ ಕಿಸಕ್ಕನೆ ನಕ್ಕಳು. "ನಾಟಕ ಬೇಡ. ಪರದೆ ಕೆಳಗೆ ನಿನ್ನ ಕಾಲು ಕಾಣ್ತಿತ್ತು. ಅಪ್ಪನ ಕಾಲಿಗೆ ದಾರದ ಚೂರು ಅಂಟಿರುತ್ತಾ?"

"ಗೊತ್ತಿದ್ದೂ ನನ್ ಹತ್ರಾನೇ ಹೇಳಿದ್ಯಾ?"

"ಹೂಂ. ಕೂಗ್ತೀಯಾ ಇಲ್ವಾ ನೋಡೋಣ ಅಂತ. ನೀನೇ ಕೂಗಲಿಲ್ಲ ಅಂದ್ಮೇಲೆ ದೇವರು ಎಲ್ಲಿ ಕೂಗ್ತಾರೆ?"

ನಾನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡೆ. ಆಮೇಲೆ ಕಣ್ಣೊರೆಸಿಕೊಂಡು ಎದ್ದು, ಪಾಪನಿವೇದನೆಯ ಸಾಲಿನ ಕೊನೆಗೆ ಹೋಗಿ ನಿಂತೆ. ಬ್ಯಾಂಕಿನ ಮೇಡಂ ಅವರ ಸ್ಕರ್ಟು ಇನ್ನೂ ಕತ್ತರಿಸಿರಲಿಲ್ಲ.