ಕೆಂಪು ಕಾಣದ ತಂತಿ

ಕೊನೆಯ ಜಳಕ ಮಾಡಿಸಲೆಂದು ಪಕ್ಕೀರಪ್ಪನ ಅಂಗಿ ಬಿಚ್ಚಿದವರು ಅದನ್ನು ಮಗಳು ಗಂಗಾಳ ಕೈಗೆ ಕೊಟ್ಟರು. ಮಡಚುವಾಗ ಜೇಬಿನೊಳಗಿಂದ ಏನೋ ಚುಚ್ಚಿತು. ತೆಗೆದು ನೋಡಿದಳು. ಅಕ್ಕಿಕಾಳಿನಂಥ ಮೈ, ಎರಡೂ ಕಡೆ ತಂತಿಯ ಕಾಲು. ನಿನ್ನೆ ಅವಳೇ ಅಳೆದು ಅಪ್ಪನಿಗೆ ಕೊಟ್ಟ ರೆಸಿಸ್ಟರ್! ಅದು ಎದುರಿನ ಬಟ್ಟೆ ಅಂಗಡಿಯ ಗಡಿಯಾರದೊಳಗೆ ಇರಬೇಕಿತ್ತು.

ಅಂಗಳದಲ್ಲಿ ಆ ಅಂಗಡಿಯ ಅಂದಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ. "ನಿನ್ನಿ ಸಂಜಿಗೆ ಗಡಿಯಾರ ತಂದು ಕೊಟ್ಟು ಹೋಗ್ಯಾನ್ರಿ. ಕರೆಂಟ್ ಇರಲಿಲ್ಲ, ಇನ್ನೂ ಬಂದಿಲ್ಲ. ಪ್ಲಗ್ ಹಾಕೇ ಇಟ್ಟೀನಿ, ಹನ್ನೊಂದಕ್ಕ ಲೈನ್ ಬಂದ್ರ ತಾನೇ ಹತ್ತತೈತಿ. ನಲವತ್ತು ವರ್ಷದ ರಿಪೇರಿಯಾಗ ಒಮ್ಮೆರ ತಪ್ಪೈತೇನು ಆ ಕೈ?"

ಹನ್ನೊಂದಕ್ಕೆ ಹತ್ತೇ ನಿಮಿಷ ಉಳಿದಿತ್ತು.

*

ಹಸಿರು ಅಂಕಿಗಳ ಹಳೇ ಗಡಿಯಾರ ಅದು. ಒಳಗೆ ನಾಲ್ಕು ಗಾಜಿನ ಕೊಳವೆ, ಒಂದೊಂದರಲ್ಲೂ ಕೂದಲಿಗಿಂತ ತೆಳ್ಳಗಿನ ತಂತಿ. ತಂತಿ ಕಾದರೇ ಅಂಕಿ ಬೆಳಗುವುದು. ಗಡಿಯಾರದೊಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರಿಂದ ಪಕ್ಕೀರಪ್ಪ ಮೊಬೈಲ್ ಚಾರ್ಜರಿನ ಐದು ವೋಲ್ಟ್ ಕೊಡಹೊರಟಿದ್ದ. ತಂತಿ ತಾಳುವುದು ಒಂದೂವರೆ. ಮಿಕ್ಕಿದ್ದನ್ನು ರೆಸಿಸ್ಟರ್ ತಡೆಯಬೇಕು.

"ತಂತಿ ಕಾಯಬೇಕು, ಆದ್ರ ಕೆಂಪಗ ಕಾಣಬಾರದು," ಎಂದಿದ್ದ ಅಪ್ಪ ನಿನ್ನೆ. "ಕೆಂಪು ಕಂಡ್ರ ಕೊಳವಿ ಹೋತಂತ ತಿಳಿ. ಇಂಥಾವು ಈಗ ಎಲ್ಲೀನೂ ಸಿಗಂಗಿಲ್ಲ."

ಬೆಸುಗೆ ಕಡ್ಡಿ ಹಿಡಿದ ಅವನ ಕೈ ನಡುಗುತ್ತಿತ್ತು.

"ಕೊಡಪಾ, ನಾ ಹಾಕ್ತೀನಿ."

"ಯಾಕ, ನನ್ನ ಕೈಗೇನಾಗೇತಿ?"

ಅಷ್ಟರಲ್ಲಿ ಕರೆಂಟ್ ಹೋಯಿತು. ಗಂಗಾ ಮುನಿಸಿಕೊಂಡು ಒಳಗೆ ಹೋದಳು. ಅಪ್ಪ ಆಮೇಲೆ ಏನು ಮಾಡಿದನೆಂದು ನೋಡಲಿಲ್ಲ. ಬೆಳಗಾದಾಗ ಅವನು ಏಳಲಿಲ್ಲ.

*

"ಕಾಕಾ, ಅಂಗಡಿ ಕೀಲಿ ಕೊಡ್ರಿ. ಅಪ್ಪನ ಕನ್ನಡಕ ಅಲ್ಲೇ ಉಳದೈತಿ," ಎಂದು ಗಂಗಾ ಅಂದಪ್ಪನನ್ನು ಕೇಳಿದಳು.

"ಹೆಣ ಏಳೂತನಕ ಮಗಳು ಹೊಸ್ತಿಲ ದಾಟಬಾರದವಾ," ಎಂದಳು ಮುದುಕಿಯೊಬ್ಬಳು.

ತಾಯಿ ಅಮರಮ್ಮ ತಲೆಯೆತ್ತಿ ಮಗಳ ಮುಖ ನೋಡಿದಳು. ಕನ್ನಡಕ ಅವಳ ಮಗ್ಗುಲಲ್ಲೇ ಇತ್ತು. ಮೆಲ್ಲಗೆ ಅದರ ಮೇಲೆ ಸೆರಗು ಮುಚ್ಚಿ, "ಹೋಗ್ಲಿ ಬಿಡ್ರಿ. ಕನ್ನಡಕ ಇಲ್ಲದ ಅವ್ರಿಗೆ ಏನೂ ಕಾಣಂಗಿಲ್ಲ," ಎಂದಳು.

ಗಂಗಾ ಓಡಿದಳು. ಅಂಗಡಿಯ ಶಟರ್ ಎತ್ತಿ ಮೊದಲು ಪ್ಲಗ್ ಕಿತ್ತಳು. ಗಡಿಯಾರದ ಹಿಂಬದಿ ಬಿಚ್ಚಿದರೆ ಅಪ್ಪ ಎರಡು ತಂತಿಗಳನ್ನು ನೇರ ಹೊಸೆದು ಬಿಟ್ಟಿದ್ದ. ಬೆಸುಗೆಗೆ ಕರೆಂಟಿಲ್ಲ. ನಡುವೆ ರೆಸಿಸ್ಟರ್ ಇಟ್ಟು, ಕಾಲುಗಳನ್ನು ಬಿಗಿಯಾಗಿ ಹೊಸೆದು ಟೇಪು ಸುತ್ತಿದಳು. ಹಿಂಬದಿ ಮುಚ್ಚಿ, ಮತ್ತೆ ಪ್ಲಗ್ ಹಾಕಿ, ಶಟರ್ ಇಳಿಸಿದಳು. ತಾನು ಗಡಿಯಾರ ಬಿಚ್ಚಿದ್ದೇ ಯಾರಿಗೂ ತಿಳಿಯಬಾರದು, ಅಪ್ಪ ತಪ್ಪಿದನೆಂದು ಈ ಊರಲ್ಲಿ ಒಬ್ಬರೂ ಅನ್ನಬಾರದು. ಅದೊಂದೇ ಅವಳ ತಲೆಯಲ್ಲಿತ್ತು.

ಲೈನ್ ಹನ್ನೊಂದಕ್ಕೆ ಬರಲಿಲ್ಲ. ಚಟ್ಟ ಎದ್ದಿತು. ಗೆಳೆಯನ ಕೊನೆಯ ಕೆಲಸ ಅವನ ಮುಂದೆಯೇ ಬೆಳಗಲಿ ಎಂದು ಅಂದಪ್ಪ ಮುಂದೆ ಹೋಗಿ ಶಟರ್ ತೆರೆದಿಟ್ಟಿದ್ದ. ಹೊತ್ತವರು ಅಂಗಡಿಯ ಮುಂದೆ ಹೆಗಲು ಬದಲಿಸಲು ನಿಂತರು. ಬೀದಿಯ ಅಂಗಡಿಗಳ ಫ್ಯಾನುಗಳೆಲ್ಲ ಒಮ್ಮೆಗೇ ತಿರುಗಿದವು.

ಗೋಡೆಯ ಮೇಲೆ, ಆಗಷ್ಟೇ ಕರೆಂಟ್ ಸಿಕ್ಕ ಗಡಿಯಾರದಲ್ಲಿ 12:00 ಹಸಿರಾಗಿ ಮಿನುಗತೊಡಗಿತು.

"ನೋಡ್ರೆಪಾ, ಪಕ್ಕೀರಪ್ಪನ ಕೈ!" ಅಂದಪ್ಪ ಗಡಿಯಾರದತ್ತ ಬೆರಳು ತೋರಿಸಿದ.

ಎಲ್ಲರೂ ಅಂಕಿ ನೋಡುತ್ತಿದ್ದರು. ಗಂಗಾ ಮಂದಿಯನ್ನು ಸರಿಸಿ ಒಳಹೊಕ್ಕು, ಬೆಳಕಿಗೆ ಅಂಗೈ ಅಡ್ಡ ಹಿಡಿದು, ಒಂದು, ಎರಡು, ಮೂರು, ನಾಲ್ಕೂ ಕೊಳವೆಗಳಲ್ಲಿ ತಂತಿ ಹುಡುಕಿದಳು. ಎಲ್ಲಿಯೂ ಕೆಂಪಿರಲಿಲ್ಲ. ಆಗ ಗಾಜಿಗೆ ಹಣೆ ಹಚ್ಚಿ, ಬೆಳಗಿನಿಂದ ಹಿಡಿದಿಟ್ಟ ಅಳುವನ್ನೆಲ್ಲ ಬಿಟ್ಟಳು. ಹಸಿರು ಬೆಳಕು ಅವಳ ಹಣೆಯ ಮೇಲೆ ಹತ್ತುತ್ತ ಆರುತ್ತ ಇತ್ತು.